ಹೆಸರು ಕರೆಯುವವರೆಗೆ

ಹೊಸಕ್ಕಿ ಊಟದ ದಿನ ವಿಸ್ಮಿತಾ ಮನೆಗೆ ಬರಲಿಲ್ಲ.

ಹೊಸ ಅಕ್ಕಿಯ ಅನ್ನವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕೆಂಬುದು ಹುಕ್ರಪ್ಪ ಗೌಡನ ಮನೆಯ ಕ್ರಮ. ಬೆಳ್ತಂಗಡಿಯಿಂದ ಒಳಗೆ, ರಬ್ಬರ್ ಮರಗಳ ನಡುವಿನ ಆ ಮನೆಯಲ್ಲಿ ಅಂದು ಅವನ ಹೆಂಡತಿ ಕಾಂತಿ ಬೆಳಗಿನಿಂದ ಒಲೆಯ ಮುಂದೆ ನಿಂತು ಹರಿವೆ ದಂಟಿನ ಪದಾರ್ಥ, ಪತ್ರೊಡೆ, ಪಾಯಸ ಮಾಡಿದ್ದಳು. ಮಗಳು ಮುಂಬಯಿಯಿಂದ ವಿಮಾನದಲ್ಲಿ ಬಜ್ಪೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊಟದ ಹೊತ್ತಿಗೆ ಮುಟ್ಟುತ್ತೇನೆ ಎಂದಿದ್ದಳು. ಎಲೆ ಹಾಕಿದ ಮೇಲೆ ಫೋನ್ ಬಂತು.

"ಸೀಟು ಸಿಗಲಿಲ್ಲ ಅಮ್ಮ. ಎರಡು ವಿಮಾನಕ್ಕೆ ಕಾದೆ, ಎರಡೂ ಫುಲ್. ನೀವು ಊಟ ಮಾಡಿ."

ಕಾಂತಿ ಫೋನ್ ಇಟ್ಟು ಒಂದು ಎಲೆ ತೆಗೆದಳು. ಹುಕ್ರಪ್ಪ ಅನ್ನಕ್ಕೆ ಕೈ ಹಾಕದೆ ಕೂತಿದ್ದ.

"ವಿಮಾನದಲ್ಲಿ ಕೆಲಸ ಮಾಡುವವಳಿಗೆ ವಿಮಾನದಲ್ಲಿ ಸೀಟಿಲ್ಲ. ಇದನ್ನು ಯಾರಾದ್ರೂ ನಂಬ್ತಾರಾ?" ಅಂದ. "ಯಾವ ಆಫೀಸಿಗೆ ಹೋದ್ರೂ ಒಳಗೆ ಗುರ್ತದ ಒಬ್ಬ ಇದ್ರೆ ಸಾಕು, ನಮ್ಮನ್ನು ಮುಂದೆ ಕರೀತಾರೆ. ಇವಳು ಒಳಗೇ ಇರುವವಳು. ಬರ್ಲಿಕ್ಕೆ ಮನಸ್ಸಿಲ್ಲ ಅಂತ ಸೀದಾ ಹೇಳ್ಬಹುದಲ್ಲ."

"ಊಟದ ಮುಂದೆ ಬೈಬೇಡಿ," ಅಂದಳು ಕಾಂತಿ.

ಹುಕ್ರಪ್ಪನ ತಾಯಿ ಸೇಸಮ್ಮ ಪತ್ರೊಡೆಯನ್ನು ತುಂಡು ಮಾಡುತ್ತಾ, "ಅಲ್ಲಿ ಬೇರೆ ಎಂತದ್ದೋ ಕ್ರಮ ಇರಬಹುದು ಮಗ. ಬಂದಾಗ ಕೇಳುವ," ಅಂದಳು. ವಿಮಾನದ ಸಂಗತಿ ಏನೇ ಇದ್ದರೂ ಸೇಸಮ್ಮನಿಗೆ ಕೇಳಬೇಕು. ಮೊಮ್ಮಗಳು ಉಜಿರೆಯ ಕಾಲೇಜು ಮುಗಿಸಿ ವಿಮಾನದ ಕೆಲಸಕ್ಕೆ ಸೇರಿದಂದಿನಿಂದ ಅವಳಿಗೆ ಅದೊಂದು ಹುಚ್ಚು. ಮೇಲೆ ಹೋದಾಗ ಕಿವಿ ಯಾಕೆ ಕಟ್ಟುತ್ತದೆ, ಸಾರು ಎಲ್ಲಿ ಬಿಸಿ ಮಾಡುತ್ತಾರೆ, ಎಲ್ಲ ಬೇಕು.

ವಿಸ್ಮಿತಾ ಮುಂದಿನ ರಜೆಗೆ ಬಂದಳು. ಬಂದವಳು ಮುಂಬಯಿಯ ಸುದ್ದಿಯನ್ನೂ ತಂದಳು. ಸೇಸಮ್ಮನ ತಮ್ಮ ಧರ್ಣಪ್ಪ ಎಳೆಯ ಪ್ರಾಯದಲ್ಲಿ ಕ್ಯಾಂಟೀನ್ ಕೆಲಸಕ್ಕೆಂದು ಮುಂಬಯಿ ಸೇರಿದವನು, ಅಲ್ಲೇ ನಿಂತುಬಿಟ್ಟಿದ್ದ. ಈಗ ಹೃದಯದ ಆಪರೇಷನ್ ಆಗಿ ಡೊಂಬಿವಲಿಯ ಮನೆಯಲ್ಲಿ ಮಲಗಿದ್ದಾನೆ.

"ಅಕ್ಕನನ್ನು ಒಮ್ಮೆ ನೋಡ್ಬೇಕು ಅಂತ ಪ್ರತಿ ಸಲ ಹೇಳ್ತಾರೆ, ಅಜ್ಜಿ. ಬಸ್ಸಿನಲ್ಲಿ ನಿಮ್ಮ ಸೊಂಟ ತಡೀಲಿಕ್ಕಿಲ್ಲ. ಸ್ಟಾಫ್ ಟಿಕೆಟ್ ಮಾಡ್ಲಾ? ಅಪ್ಪನಿಗೂ ಮಾಡ್ತೇನೆ, ಒಟ್ಟಿಗೆ ಹೋಗಿ."

"ಮಾಡು," ಅಂದಳು ಸೇಸಮ್ಮ. "ನೀನು ಕೆಲಸ ಮಾಡುವ ಜಾಗವನ್ನು ನಮ್ಮ ಮನೆಯ ಒಬ್ಬರಾದ್ರೂ ನೋಡ್ಲಿಲ್ಲ."

ಅಂದು ರಾತ್ರಿಯ ಊಟಕ್ಕೆ ಬಂಗುಡೆ ಪುಳಿಮುಂಚಿ. ಬಡಿಸುತ್ತಾ ವಿಸ್ಮಿತಾ ವಿವರಿಸಿದಳು. ಸ್ಟಾಫ್ ಟಿಕೆಟ್ ಅಂದರೆ ಸೀಟಿನ ಟಿಕೆಟ್ ಅಲ್ಲ. ಪೂರ್ತಿ ದುಡ್ಡು ಕೊಟ್ಟವರೆಲ್ಲ ಬಂದ ಮೇಲೆ ಜಾಗ ಉಳಿದರೆ ಮಾತ್ರ ಹೆಸರು ಕರೆಯುತ್ತಾರೆ. ಅದಕ್ಕೂ ಸರದಿ ಉಂಟು. ಮೊದಲು ಕೆಲಸದವರು, ಆಮೇಲೆ ಅವರ ತಂದೆ ತಾಯಿ, ಕೊನೆಗೆ ಉಳಿದ ನೆಂಟರು.

"ಲುಂಗಿ ಬೇಡ ಅಪ್ಪ. ಪ್ಯಾಂಟು, ಇಸ್ತ್ರಿ ಹಾಕಿದ ಶರ್ಟು. ರಬ್ಬರಿನ ವಾಸನೆ ಬಾರದ್ದು."

"ದುಡ್ಡು ಕೊಟ್ಟವರು ಚಡ್ಡಿಯಲ್ಲಿ ಬರ್ತಾರೆ ಅಂತ ನೀನೇ ಹೇಳಿದ್ದಲ್ವಾ?"

"ಅವರು ಬರ್ಬಹುದು. ನಾವು ಬರುವ ಹಾಗಿಲ್ಲ. ಮತ್ತೆ, ಕೌಂಟರಿನಲ್ಲಿ ಹೆಸರು ಹೇಳಿ ದೂರ ಹೋಗಿ ಕೂತ್ಕೊಳ್ಳಿ. ಆಯ್ತಾ ಆಯ್ತಾ ಅಂತ ಮತ್ತೆ ಮತ್ತೆ ಕೇಳ್ಬಾರ್ದು. ಯಾರ ಅಪ್ಪ ಅಂತ ಹೇಳ್ಬಾರ್ದು. ಕರೆದ್ರೆ ಕೂಡ್ಲೇ ಹೋಗ್ಬೇಕು, ಕರೀದಿದ್ರೆ ಸುಮ್ಮನೆ ಮನೆಗೆ ಬರ್ಬೇಕು."

"ನೀರು ಕೇಳ್ಬಹುದಾ?" ಇದು ಸೇಸಮ್ಮ.

"ಕೊಟ್ರೆ ಕುಡೀರಿ ಅಜ್ಜಿ. ಬೆಲ್ ಒತ್ತಿ ಕರೀಬೇಡಿ."

"ಪಕ್ಕದವರ ಹತ್ರ ಮಾತಾಡ್ಬಹುದಾ?"

"ಮಾತಾಡಿ. ಸ್ಟಾಫಿನ ಮನೆಯವರು ಅಂತ ಮಾತ್ರ ಹೇಳ್ಬೇಡಿ. ಅವರು ಅಷ್ಟು ದುಡ್ಡು ಕೊಟ್ಟು ಕೂತಿರ್ತಾರೆ. ಕೇಳಿದ್ರೆ ಬೇಜಾರಾಗುದಿಲ್ವಾ?"

ಹುಕ್ರಪ್ಪ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟ. "ಅಂದ್ರೆ ಕಳ್ಳರ ಹಾಗೆ ಹೋಗ್ಬೇಕು."

"ಕಳ್ಳರ ಹಾಗಲ್ಲ, ಮನೆಯವರ ಹಾಗೆ."

ಸೇಸಮ್ಮ ತಲೆ ಆಡಿಸಿದಳು. "ನಮ್ಮಲ್ಲಿ ಮದುವೆಗೆ ಮನೆಯವರು ಕೊನೆಯ ಪಂಕ್ತಿಗೆ ಕೂರುದಿಲ್ವಾ, ಹಾಗೆ. ಪಾಯಸ ಮುಗಿದ್ರೂ ಮಾತಾಡ್ಲಿಕ್ಕಿಲ್ಲ."

"ಮದುವೆಯಲ್ಲಿ ನಾನು ಯಜಮಾನ. ಅಲ್ಲಿ ನಾನು ಯಾರು?" ಎಂದು ಹುಕ್ರಪ್ಪ ಕೈ ತೊಳೆಯಲು ಎದ್ದ.

ಆದರೂ ಆ ವಾರವಿಡೀ ಅವನು ಸಿಕ್ಕಿದವರಿಗೆಲ್ಲ ಹೇಳಿದ. ಸೊಸೈಟಿಯಲ್ಲಿ, ರಬ್ಬರ್ ಶೀಟು ಕೊಳ್ಳುವವನ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ. ಮಗಳು ವಿಮಾನದಲ್ಲಿ ಕಳಿಸುತ್ತಿದ್ದಾಳೆ, ಗುರುವಾರ ಮುಂಬಯಿಗೆ ಹೊರಟೆವು ಅಂತ. ಕಾಂತಿ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ತುಂಬಿದ ಚೀಲವನ್ನು ಮಗಳು ಫೋನಿನಲ್ಲಿ ಹೇಳಿದ ಹಾಗೆ ಮತ್ತೆ ಬಿಚ್ಚಿ, ಹಪ್ಪಳದ ಕಟ್ಟನ್ನು ಮಾತ್ರ ಉಳಿಸಿದಳು.

ಗುರುವಾರ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಇಬ್ಬರ ಹೆಸರೂ ಬರೆದುಕೊಂಡು ಗೋಡೆಯ ಹತ್ತಿರ ಕೂರಲು ಹೇಳಿದಳು. ಅವಳ ಎದೆಯ ಮೇಲೆ ನವ್ಯಾ ಎಂದಿತ್ತು. ಅದೇ ಬೆಂಚಿನಲ್ಲಿ ಬಿಳಿ ಶರ್ಟಿನ ಒಬ್ಬ ಕೂತಿದ್ದ. ಸೇಸಮ್ಮ ಕೇಳದೆ ಬಿಡಲಿಲ್ಲ. ಅವನ ಹೆಸರು ಅಬ್ದುಲ್ ನಾಸಿರ್, ಬಂಟ್ವಾಳದ ನರಿಕೊಂಬಿನಲ್ಲಿ ದರ್ಜಿ. ಅವನ ಮಗ ಇದೇ ಕಂಪನಿಯ ಲಗೇಜು ವಿಭಾಗದಲ್ಲಿದ್ದಾನೆ. ಅವನೂ ಇವರ ಹಾಗೆ ಹೆಸರು ಕರೆಯುವುದನ್ನು ಕಾಯುವವನು.

ಜನ ಸಾಲುಸಾಲಾಗಿ ಬಂದು ಹೋದರು. ಹುಕ್ರಪ್ಪ ಎರಡು ಸಲ ಏಳಲು ನೋಡಿದ. ಎರಡು ಸಲವೂ ತಾಯಿ ಅವನ ಅಂಗಿ ಹಿಡಿದು ಕೂರಿಸಿದಳು. ಕೌಂಟರು ಮುಚ್ಚುವ ಹೊತ್ತಿಗೆ ನವ್ಯಾ ಕರೆದಳು. "ಹುಕ್ರಪ್ಪ ಗೌಡ."

ಇಬ್ಬರೂ ಎದ್ದು ಹೋದರು. ನವ್ಯಾ ಒಂದೇ ಬೋರ್ಡಿಂಗ್ ಪಾಸ್ ಕೊಟ್ಟಳು.

"ಅಮ್ಮನದ್ದು?"

"ಒಂದೇ ಸೀಟು ಉಳಿದದ್ದು ಸರ್. ಅದು ನಿಮಗೆ."

"ನನಗೆ ಬೇಡ, ಅಮ್ಮನಿಗೆ ಕೊಡಿ."

"ಹಾಗೆ ಬದಲಿಸ್ಲಿಕ್ಕೆ ಆಗುದಿಲ್ಲ. ನೀವು ಬೇಡ ಅಂದ್ರೆ ಮುಂದಿನ ಹೆಸರಿಗೆ ಹೋಗ್ತದೆ. ಅವರೂ ಸ್ಟಾಫಿನ ತಂದೆ, ಅಲ್ಲಿ ಬೆಂಚಿನಲ್ಲಿ ಕೂತಿದ್ದಾರೆ. ಬೇಗ ಹೇಳಿ ಸರ್, ಮುಚ್ಚುವ ಹೊತ್ತಾಯ್ತು."

ಹುಕ್ರಪ್ಪ ಹೋಗುತ್ತೇನೆ ಅನ್ನಲಿಲ್ಲ, ಬಿಟ್ಟೂ ಕೊಡಲಿಲ್ಲ. ಪಾಸನ್ನು ಕೈಯಲ್ಲಿ ಹಿಡಿದುಕೊಂಡೇ ಮಾತು ಬೆಳೆಸಿದ. ಇದು ಯಾವ ನ್ಯಾಯ ಅಂದ. ದೊಡ್ಡವರನ್ನು ಕರೆಯಿರಿ ಅಂದ. ಕೊನೆಗೆ ಸ್ವರ ಏರಿಸಿ, "ನನ್ನ ಮಗಳು ಯಾರು ಗೊತ್ತುಂಟಾ? ವಿಸ್ಮಿತಾ, ನಿಮ್ಮ ಕಂಪನಿಯ ಏರ್ ಹೋಸ್ಟೆಸ್," ಅಂದ. ಸುತ್ತಲಿನವರು ತಿರುಗಿ ನೋಡಿದರು. ಸೇಸಮ್ಮ, "ನೀನು ಹೋಗು ಮಗ, ಇಲ್ಲದಿದ್ರೆ ಅವರನ್ನಾದ್ರೂ ಬಿಡು," ಎನ್ನುತ್ತಲೇ ಇದ್ದಳು. ನವ್ಯಾ ಕಂಪ್ಯೂಟರ್ ನೋಡಿ, "ಕ್ಲೋಸ್ ಆಯ್ತು ಸರ್. ಇನ್ನು ಯಾರಿಗೂ ಆಗುದಿಲ್ಲ," ಎಂದಳು.

ಆ ಒಂದು ಸೀಟು ಖಾಲಿಯಾಗಿಯೇ ಮುಂಬಯಿಗೆ ಹೋಯಿತು.

ಕೈಕಂಬಕ್ಕೆ ಬರುವ ಬಸ್ಸಿನಲ್ಲಿ ನಾಸಿರ್ ಕೂಡ ಇದ್ದ. ಅಲ್ಲಿಂದ ಅವನ ದಾರಿ ಬಂಟ್ವಾಳಕ್ಕೆ, ಇವರದ್ದು ಮೂಡುಬಿದಿರೆಗೆ. ಹೋಟೆಲಿನಲ್ಲಿ ಚಹಾ ಕುಡಿಯುವಾಗ ಸೇಸಮ್ಮ ಕೇಳಿದಳು.

"ನೀವು ಯಾಕೆ ಹೊರಟದ್ದು?"

"ಮುಂಬಯಿಯಲ್ಲಿ ಮಗಳ ಹೆರಿಗೆ ಅಮ್ಮ, ಚೊಚ್ಚಲು. ನಾಳೆ ಬೆಳಿಗ್ಗೆ ಆಪರೇಷನ್ ಅಂತ ಹೇಳಿದ್ದಾರೆ. ಅಪ್ಪ ಹತ್ರ ಇರ್ಬೇಕು ಅಂತ ಅವಳಿಗೆ." ಅವನು ಲೋಟವನ್ನು ತಿರುಗಿಸುತ್ತಾ ಇದ್ದ. "ರೈಲು ಉಂಟಾ ನೋಡ್ಬೇಕು."

ಹುಕ್ರಪ್ಪ ಚಹಾದ ದುಡ್ಡು ಕೊಡಲು ಕೌಂಟರಿಗೆ ಹೋದವನು ತಿರುಗಿ ಬಂದು ಕೂರಲಿಲ್ಲ. ಹೊರಗೆ ನಿಂತ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನೆರೆಮನೆಯ ಚನಿಯಪ್ಪ ಸಿಕ್ಕಿದ. "ಎಂತ ಹುಕ್ರಪ್ಪಣ್ಣ, ವಿಮಾನ ಮೂಡುಬಿದಿರೆಯಲ್ಲಿ ಇಳಿಸಿತಾ?" ಎಂದು ನಕ್ಕ. ಹುಕ್ರಪ್ಪ ಬೆಳ್ತಂಗಡಿಯ ಬಸ್ಸು ಹತ್ತಿ ಕೂತ.

ವಿಸ್ಮಿತಾಳ ಫೋನ್ ಅಂದು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಆಮೇಲೆ ತಾಯಿಗೆ ಮಾತ್ರ ಮಾಡಿದಳು. ಮ್ಯಾನೇಜರ್ ಅವಳನ್ನು ಕರೆಸಿ ಕೇಳಿದ್ದರು. ಒಂದು ವರ್ಷದವರೆಗೆ ಹುಕ್ರಪ್ಪನಿಗೆ ಸ್ಟಾಫ್ ಟಿಕೆಟ್ ಇಲ್ಲ. ಇನ್ನೊಮ್ಮೆ ಹೀಗಾದರೆ ಅವಳಿಗೂ ಇಲ್ಲ. ಅವಳಿಗಿಲ್ಲ ಅಂದರೆ ರಜೆಗೆ ಊರಿಗೆ ಬರುವುದೇ ಕಷ್ಟ.

ಕಾಂತಿ ಇದನ್ನು ಹೇಳಿದ್ದು ಗಂಡ ರಬ್ಬರ್ ಹಾಲಿನ ಬಕೆಟ್ ಹೊತ್ತು ತಂದು ಅಂಗಳದಲ್ಲಿ ಇಟ್ಟಾಗ.

"ನಾನು ಎಂತ ಕಳವು ಮಾಡಿದ್ದಾ?" ಅಂದ ಹುಕ್ರಪ್ಪ. "ನನ್ನ ಅಮ್ಮನಿಗೆ ಸೀಟು ಕೇಳಿದೆ."

"ನೀವು ಅತ್ತೆಗೆ ಕೇಳಿದ್ದಲ್ಲ. ನೀವು ಯಾರು ಅಂತ ಅವರಿಗೆ ಹೇಳಿದ್ದು."

"ಹೇಳಿದ್ರೆ ಎಂತ? ಮಗಳು ಅಂತ ಹೇಳ್ಕೊಳ್ಳಿಕ್ಕೂ ಇಲ್ವಾ?"

"ಹೇಳಿದ್ದಕ್ಕೆ ಅವಳು ಮ್ಯಾನೇಜರ್ ಎದುರು ತಲೆ ತಗ್ಗಿಸಿ ನಿಂತಳು. ಆ ಸಾಯ್ಬರಿಗೆ ಮಗಳ ಹತ್ರ ಹೋಗ್ಲಿಕ್ಕಾಗ್ಲಿಲ್ಲ. ಹೊಸಕ್ಕಿ ಊಟಕ್ಕೆ ಬರ್ಲಿಲ್ಲ ಅಂತ ಅವಳಿಗೆ ಎಷ್ಟು ಬೈದ್ರಿ. ಈಗ ಗೊತ್ತಾಯ್ತಲ್ಲ, ಸೀಟು ಸಿಗುದಿಲ್ಲ ಅಂದ್ರೆ ಎಂತದು ಅಂತ."

ಹುಕ್ರಪ್ಪ ಹಾಲನ್ನು ಶೀಟು ಮಾಡುವ ತಟ್ಟೆಗಳಿಗೆ ಸುರಿಯತೊಡಗಿದ. ಒಂದು ತಟ್ಟೆ ತುಂಬಿ ಹೊರಗೆ ಚೆಲ್ಲಿತು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಕಾಂತಿ ಅನ್ನ ಬಡಿಸಿ ಪಾತ್ರೆಯನ್ನು ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದಳು, ಇನ್ನೂ ಬೇಕಿದ್ದರೆ ಅವನೇ ಹಾಕಿಕೊಳ್ಳಬೇಕಿತ್ತು. ಸೇಸಮ್ಮ ಮಾತ್ರ ಎಂದಿನಂತೆ ಇಬ್ಬರೊಡನೆಯೂ ಮಾತಾಡುತ್ತಿದ್ದಳು. ಒಂದು ಭಾನುವಾರ ಹುಕ್ರಪ್ಪ ಇಸ್ತ್ರಿಯ ಶರ್ಟು ಹಾಕಿ ಹೊರಟ.

"ಎಲ್ಲಿಗೆ?" ಅಂದಳು ತಾಯಿ.

"ಬಂಟ್ವಾಳಕ್ಕೆ."

ನರಿಕೊಂಬಿನಲ್ಲಿ ದರ್ಜಿ ನಾಸಿರನ ಮನೆ ತೋರಿಸಲು ಯಾರಿಗೂ ಕಷ್ಟವಾಗಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾಸಿರ್ ಹೊಲಿಗೆ ಯಂತ್ರದಿಂದ ತಲೆ ಎತ್ತಿ ನೋಡಿದ. ಗುರುತು ಸಿಕ್ಕಿತು, ಆದರೆ ಕೂಡಲೇ ಬನ್ನಿ ಅನ್ನಲಿಲ್ಲ. ಹೊಲಿಯುತ್ತಿದ್ದ ಗೆರೆ ಮುಗಿಸಿದ ಮೇಲೆ ಸ್ಟೂಲು ಎಳೆದು ಕೊಟ್ಟ.

"ಮಗಳು?" ಎಂದು ಕೇಳಿದ ಹುಕ್ರಪ್ಪ.

"ಚೆನ್ನಾಗಿದ್ದಾಳೆ. ಹೆಣ್ಣು ಮಗು. ನಾನು ಅಲ್ಲಿಗೆ ಮುಟ್ಟುವಾಗ ಮಗುವಿಗೆ ಒಂದು ದಿನ ಆಗಿತ್ತು."

"ನನ್ನಿಂದಾಗಿ ಹಾಗಾಯ್ತು."

ನಾಸಿರ್ ಅಲ್ಲ ಅನ್ನಲಿಲ್ಲ. "ಆ ದಿನ ನಿಮ್ಮ ಮೇಲೆ ಸಿಟ್ಟು ಬಂದಿತ್ತು ಗೌಡ್ರೇ. ರೈಲಿನಲ್ಲಿ ನಿಂತ್ಕೊಂಡು ಹೋದೆ, ಪೂರಾ ದಾರಿ ನಿಮಗೆ ಬೈದೆ. ಮಗುವನ್ನು ಕೈಯಲ್ಲಿ ಕೊಟ್ಟಾಗ ಮರೆತುಹೋಯ್ತು. ಮತ್ತೆ ಇವತ್ತು ನಿಮ್ಮನ್ನು ನೋಡುವಾಗ ಸ್ವಲ್ಪ ನೆನಪಾಯ್ತು."

"ನೆನಪಾಗ್ಬೇಕಾದ್ದೇ," ಅಂದ ಹುಕ್ರಪ್ಪ.

ಒಳಗಿನಿಂದ ಶರಬತ್ತು ಬಂತು. ಇಬ್ಬರೂ ಕುಡಿದರು. ನಾಸಿರ್ ಮೊಬೈಲಿನಲ್ಲಿ ಮೊಮ್ಮಗಳ ಫೋಟೋ ತೋರಿಸಿದ. ಹೊರಡುವಾಗ ಹುಕ್ರಪ್ಪನ ಶರ್ಟಿನ ತೋಳಿನ ಹೊಲಿಗೆ ಬಿಟ್ಟದ್ದು ನೋಡಿ, ಮೈಮೇಲಿರುವಾಗಲೇ ಎರಡು ಹೊಲಿಗೆ ಹಾಕಿ ಬಿಟ್ಟ.

ಮನೆಗೆ ಬಂದ ಹುಕ್ರಪ್ಪ ಮಗಳಿಗೆ ತಾನೇ ಫೋನ್ ಮಾಡಿದ. ಬಹಳ ಹೊತ್ತು ಇಬ್ಬರೂ ಮಳೆಯ ವಿಷಯ, ದನದ ವಿಷಯ ಮಾತಾಡಿದರು. ಕೊನೆಗೆ ಅವನು ಹೇಳಿದ, "ಅಜ್ಜಿಯನ್ನು ಧರ್ಣಪ್ಪ ಮಾವನ ಹತ್ರ ಮುಟ್ಟಿಸ್ಬೇಕು. ನಾನು ದುಡ್ಡು ಕೊಟ್ಟು ಟಿಕೆಟ್ ಮಾಡಿಸ್ತೇನೆ."

ಸೇಸಮ್ಮ ಫೋನ್ ಕಿತ್ತುಕೊಂಡಳು. "ದುಡ್ಡಿನ ಟಿಕೆಟ್ ನನಗೆ ಬೇಡ. ನೀನು ಕೆಲಸಕ್ಕಿರುವ ವಿಮಾನಕ್ಕೇ ನನ್ನ ಹೆಸರು ಹಾಕು. ಸಿಕ್ಕಿದ್ರೆ ಬರ್ತೇನೆ, ಇಲ್ಲದಿದ್ರೆ ಇನ್ನೊಂದು ಸಲ ಬರ್ತೇನೆ. ನಾನು ಒಬ್ಬಳೇ ಸಾಕು."

"ನಾನು ಡ್ಯೂಟಿಯಲ್ಲಿ ಇರ್ತೇನೆ ಅಜ್ಜಿ. ನಿಮ್ಮ ಹತ್ರ ಕೂತು ಮಾತಾಡ್ಲಿಕ್ಕೆ ಆಗುದಿಲ್ಲ. ನೀವೂ ನನ್ನನ್ನು ಕರೀಬಾರ್ದು."

"ಕರೀದಿಲ್ಲ ಮಾರಾಯ್ತಿ. ನೋಡ್ಬಹುದಲ್ಲ?"

ಮೊದಲ ಸಲ ಸೀಟು ಸಿಗಲಿಲ್ಲ. ಸೇಸಮ್ಮ ಗೋಡೆಯ ಹತ್ತಿರ ಕೂತಿದ್ದು, ಜನರನ್ನೆಲ್ಲ ನೋಡಿ, ನವ್ಯಾಳಿಗೆ ಬರ್ತೇನೆ ಎಂದು ಹೇಳಿ ಹೊರಗೆ ಬಂದಳು. ಟಿಕೆಟಿಲ್ಲದವರನ್ನು ಒಳಗೆ ಬಿಡದ್ದರಿಂದ ಬಾಗಿಲಿನ ಹೊರಗೇ ನಿಂತಿದ್ದ ಹುಕ್ರಪ್ಪ ಅವಳ ಕೈಯಿಂದ ಚೀಲ ತೆಗೆದುಕೊಂಡ. ಇಬ್ಬರೂ ಮೂಡುಬಿದಿರೆಯಲ್ಲಿ ಇಳಿದು ಊಟ ಮಾಡಿ ಮನೆಗೆ ಬಂದರು.

ಎರಡನೆಯ ಸಲ ನವ್ಯಾ ಕರೆದಳು. ಸೇಸಮ್ಮ ಸೆರಗು ಸರಿಮಾಡಿಕೊಂಡು ಕೂಡಲೇ ಹೋದಳು. ಗಾಜಿನ ಆಚೆ ನಿಂತ ಮಗನಿಗೆ ಪಾಸನ್ನು ಎತ್ತಿ ತೋರಿಸಿದಳು.

ವಿಮಾನದ ಬಾಗಿಲಿನಲ್ಲಿ ವಿಸ್ಮಿತಾ ನಿಂತಿದ್ದಳು. ಕೂದಲು ಬಿಗಿಯಾಗಿ ಕಟ್ಟಿ, ತುಟಿಗೆ ಬಣ್ಣ ಹಚ್ಚಿ, ಎತ್ತರದ ಚಪ್ಪಲಿಯಲ್ಲಿ. ಕೈ ಮುಗಿದು, "ನಮಸ್ಕಾರ ಮ್ಯಾಡಂ," ಅಂದಳು. ಸೇಸಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ನಡೆದಳು.

ಅವಳ ಪಕ್ಕದ ಸೀಟಿನಲ್ಲಿ ಕೂತವನು ಮುಂಬಯಿಯಲ್ಲಿ ಹೋಟೆಲು ಇಟ್ಟವನು, ಊರಿನ ಕಡೆಯವನೇ. ತುಳುವಿನಲ್ಲಿ ಪ್ರೀತಿಯಿಂದ ಮಾತಾಡಿಸಿದ. ಅವಳ ಬೆಲ್ಟು ತಾನೇ ಹಾಕಿಕೊಟ್ಟ. ಕಿವಿ ಕಟ್ಟಿದರೆ ಉಗುಳು ನುಂಗಿ ಅಂದ. ಯಾರನ್ನು ನೋಡಲು ಹೋಗುವುದು ಅಂದ. "ತಮ್ಮನನ್ನು," ಅಂದಳು ಸೇಸಮ್ಮ. ವಿಮಾನ ಮೇಲೇರಿತು. ಕಿಟಕಿಯಲ್ಲಿ ಕಂಡ ಹೊಳೆ ಫಲ್ಗುಣಿಯೋ ನೇತ್ರಾವತಿಯೋ ಎಂದು ಇಬ್ಬರೂ ಸ್ವಲ್ಪ ಹೊತ್ತು ಚರ್ಚಿಸಿದರು.

ವಿಸ್ಮಿತಾ ಗಾಡಿ ತಳ್ಳಿಕೊಂಡು ಬಂದಾಗ ಅವನು ಕೇಳಿದ ತಿಂಡಿ ಮುಗಿದಿತ್ತು.

"ಮುಗಿದದ್ದು ಅಂದ್ರೆ? ಇಷ್ಟು ದುಡ್ಡು ತಗೊಳ್ತೀರಿ, ತರ್ಲಿಕ್ಕೆ ಆಗುದಿಲ್ವಾ? ನಿಮ್ಮನ್ನೆಲ್ಲ ಮುಖ ತೋರಿಸ್ಲಿಕ್ಕೆ ಇಟ್ಟದ್ದಾ?"

"ಸಾರಿ ಸರ್. ಬೇರೆ ಎಂತಾದ್ರೂ ಕೊಡ್ಲಾ?"

"ಎಂತದೂ ಬೇಡ. ಹೋಗು."

ಹೋಗು ಅಂದದ್ದು ಹೇಗಿತ್ತೆಂದರೆ, ಮುಂದಿನ ಸಾಲಿನವರೂ ತಿರುಗಿದರು. ಸೇಸಮ್ಮನ ಎರಡೂ ಕೈ ಬೆಲ್ಟನ್ನು ಹಿಡಿದುಕೊಂಡವು. ವಿಸ್ಮಿತಾ ಅಜ್ಜಿಯ ಮುಖ ನೋಡಲಿಲ್ಲ. ಒಂದು ಲೋಟ ನೀರು ತುಂಬಿ ಅವಳ ಮುಂದೆ ಇಟ್ಟು, "ನೀರು ಮ್ಯಾಡಂ," ಎಂದು ಗಾಡಿಯನ್ನು ಮುಂದೆ ತಳ್ಳಿದಳು.

"ನೋಡಿ ಅಮ್ಮ, ಈಗಿನ ಹುಡುಗಿಯರು," ಅಂದ ಹೋಟೆಲಿನವನು. "ಕೆಲಸ ಇಲ್ಲ, ಶೋಕಿ ಮಾತ್ರ."

ಸೇಸಮ್ಮ ನೀರು ಕುಡಿದಳು. ನಿಧಾನವಾಗಿ ಹೇಳಿದಳು, "ಬೆಳಿಗ್ಗೆಯಿಂದ ಅವಳು ಕೂತ ಹಾಗೆ ಕಾಣುದಿಲ್ಲ."

"ನಿಮಗೆ ಹೇಗೆ ಗೊತ್ತು?"

"ಕಾಲು ನೋಡಿ. ಚಪ್ಪಲಿ ಕಚ್ಚಿ ಹಿಮ್ಮಡಿ ಕೆಂಪಾಗಿದೆ."

ಅವನು ಬಗ್ಗಿ ನೋಡಿದ. ಆಮೇಲೆ ಪತ್ರಿಕೆ ತೆಗೆದು ಬಿಡಿಸಿದ.

ವಿಮಾನ ನಿಂತ ಮೇಲೆ ಎಲ್ಲರೂ ಒಟ್ಟಿಗೆ ಎದ್ದರು. ಸೇಸಮ್ಮ ಏಳಲಿಲ್ಲ. ಕೊನೆಯವರೂ ಇಳಿದ ಮೇಲೆ, ಖಾಲಿ ಸೀಟುಗಳ ನಡುವೆ ವಿಸ್ಮಿತಾ ನಡೆದು ಬಂದು ಅವಳ ಮುಂದೆ ಮೊಣಕಾಲೂರಿ ಕೂತಳು.

"ಈಗ ಮಾತಾಡ್ಬಹುದಾ?"

"ಈಗ ಮಾತಾಡ್ಬಹುದು ಅಜ್ಜಿ."

ಸೇಸಮ್ಮ ಅವಳ ಕೆನ್ನೆ ಮುಟ್ಟಲು ಹೋಗಿ, ಬಣ್ಣ ಹಾಳಾಗುತ್ತದೆಂದು ಕೈಯನ್ನು ಭುಜದ ಮೇಲೆ ಇಟ್ಟಳು. "ಆ ಜನ ಹೇಳಿದ್ದನ್ನು ಮನೆಯಲ್ಲಿ ಹೇಳುದಿಲ್ಲ. ನಿನ್ನ ಅಪ್ಪನಿಗೆ ತಡೀಲಿಕ್ಕಿಲ್ಲ."

"ಹೇಳ್ಬೇಡಿ," ಅಂದಳು ವಿಸ್ಮಿತಾ. ಅವಳ ಕಣ್ಣು ತುಂಬಿತು. ಎದ್ದು ನಿಂತು ಅಜ್ಜಿಯ ಚೀಲ ಇಳಿಸಿದಳು.

ಡೊಂಬಿವಲಿಯ ಮನೆಯಲ್ಲಿ ಧರ್ಣಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಅಕ್ಕ ಬಾಗಿಲಿಗೆ ಬಂದಾಗ ಏಳಲು ನೋಡಿದ, ಆಗಲಿಲ್ಲ. "ಎಷ್ಟು ಸಪೂರ ಆಗಿದ್ದಿ," ಅಂದಳು ಸೇಸಮ್ಮ. "ನೀನು ಎಷ್ಟು ಮುದುಕಿ ಆಗಿದ್ದಿ," ಅಂದ ಅವನು. ಅವಳು ಮಂಚದ ಬದಿಯಲ್ಲಿ ಕೂತು ಅವನ ಎದೆಯ ಮೇಲಿನ ಗಾಯದ ಗೆರೆಯನ್ನು ಮೇಲಿನಿಂದ ಕೆಳಗೆ ನೋಡಿದಳು, ಎಲ್ಲಿ ಕೊಯ್ದರು, ಯಾವುದರಿಂದ ಹೊಲಿದರು ಎಂದೆಲ್ಲ ಕೇಳಿದಳು. ಹಪ್ಪಳ ಕರಿಯುವ ವಾಸನೆ ಬರುವ ಹೊತ್ತಿಗೆ ಹುಕ್ರಪ್ಪನ ಫೋನ್ ಬಂತು.

"ಮುಟ್ಟಿದ್ಯಾ ಅಮ್ಮ?"

"ಮುಟ್ಟಿದೆ. ತಮ್ಮ ಇಲ್ಲೇ ಇದ್ದಾನೆ. ನೀನು ಊಟ ಮಾಡಿದ್ಯಾ?"

"ಆಯ್ತು. ಕಾಂತಿಯೂ ಕೂತಳು, ಒಟ್ಟಿಗೇ ಮಾಡಿದೆವು." ಮತ್ತೆ ಕೇಳಿದ. "ಮಗಳು ವಿಮಾನದ ಒಳಗೆ ಎಂತ ಕೆಲಸ ಮಾಡುದು?"

"ಚೀಲ ಇಡ್ಲಿಕ್ಕೆ ಜಾಗ ಮಾಡ್ತಾಳೆ. ಮಕ್ಕಳನ್ನು ಸುಧಾರಿಸ್ತಾಳೆ. ಎಲ್ಲರಿಗೂ ತಿಂಡಿ, ನೀರು ಕೊಡ್ತಾಳೆ. ನನಗೂ ಕೊಟ್ಟಳು, ಮ್ಯಾಡಂ ಅಂತ ಕರೆದು."

ಹುಕ್ರಪ್ಪ ನಕ್ಕ. ಆ ಕಡೆ ಕಾಂತಿಯೂ ನಗುವುದು ಕೇಳಿಸಿತು. ಆಮೇಲೆ ಅವನು, "ಅವಳಿಗೆ ಯಾರಾದ್ರೂ ನೀರು ಕೊಟ್ರಾ?" ಎಂದು ಕೇಳಿದ.

ಸೇಸಮ್ಮ ತಿರುಗಿ ನೋಡಿದಳು. ವಿಸ್ಮಿತಾ ಸಮವಸ್ತ್ರವನ್ನೂ ಬದಲಿಸದೆ, ಗೋಡೆಗೆ ಒರಗಿಸಿದ ಚಾಪೆಯನ್ನು ಬಿಡಿಸಿಕೊಂಡು ನೆಲದ ಮೇಲೆಯೇ ನಿದ್ದೆ ಹೋಗಿದ್ದಳು.

"ಮಲಗಿದ್ದಾಳೆ ಮಗ. ಎಬ್ಬಿಸಿ ಕೊಡ್ತೇನೆ."

"ಎಬ್ಬಿಸ್ಬೇಡ," ಅಂದ ಹುಕ್ರಪ್ಪ. "ಅವಳು ಏಳುವವರೆಗೆ ನೀವು ಯಾರೂ ಊಟಕ್ಕೆ ಕೂರ್ಬೇಡಿ."